ಪರ್ಸಿ ಕಲ್ಲಿನ ಮೇಲೆ ಮೂರು ಬೆರಳು

ಶಹಾಬಾದ್ ಕಡೆಯವರೊಬ್ಬರು ಮೊನ್ನೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರು. ಮನೆಗೆ ಹಾಸಲು ತಂದ ಪರ್ಸಿ ಕಲ್ಲು, ನಡುವೆ ಮೂರು ಬೆರಳಿನಂಥ ಗುರುತು. "ಸರ, ಇದು ಡೈನೋಸಾರ್ ಹೆಜ್ಜಿ ಏನ್ರಿ?" ಭೂವಿಜ್ಞಾನ ಓದಿದವನು ಊರಲ್ಲಿದ್ದಾನೆ ಅಂತ ಗೊತ್ತಾದರೆ ಇಂಥವು ಬರುತ್ತಲೇ ಇರುತ್ತವೆ. ಕೇಳದೆ ಪಾಲಿಶ್ ಹೊಡೆಸುವವರಿಗಿಂತ ಇವರೇ ವಾಸಿ.

ಅಲ್ಲ ಅಂದೆ. ಶಹಾಬಾದ್ ಕಲ್ಲು ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. 50 ಕೋಟಿ ವರ್ಷಕ್ಕಿಂತ ಹಳೆಯದು. ಡೈನೋಸಾರ್‌ಗಳು ಬಂದಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅವರ ಕಲ್ಲಿನಲ್ಲಿ ಒಂದು ಪದರ ಕಿತ್ತು ಬಂದಿತ್ತು, ಅಷ್ಟೇ. "ಹಂಗಾದ್ರ ಅಡಗಿಮನ್ಯಾಗ ಹಾಸ್ತೀನಿ ಬಿಡ್ರಿ" ಅಂದರು.

ಹೆಜ್ಜೆ ಉಳಿಯೋದು ಹೇಗೆ ಅಂತ ನೋಡಬೇಕಾದರೆ ಮಳೆ ನಿಂತ ಮೇಲೆ ಕೆರೆ ದಂಡೆಗೆ ಹೋಗಿ. ಎಮ್ಮೆಗಳು ನೀರಿಗಿಳಿದ ದಾರಿ ನೋಡಿ. ನೀರಿನ ಹತ್ತಿರ ಮಣ್ಣು ಅಂಬಲಿಯ ಹಾಗೆ, ಗೊರಸು ಎತ್ತಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮೇಲಿನ ಒಣ ನೆಲದಲ್ಲಿ ಗುರುತೇ ಬೀಳೋದಿಲ್ಲ. ಎರಡರ ನಡುವೆ ರೊಟ್ಟಿ ಹಿಟ್ಟಿನ ಹದದ ಒಂದು ಪಟ್ಟಿ ಇರುತ್ತದೆ. ಅಲ್ಲಿ ಗೊರಸಿನ ಸೀಳು ಕೂಡ ಮೂಡುತ್ತದೆ, ಒತ್ತಿದ ಮಣ್ಣು ಸುತ್ತ ಬದುವಿನ ಹಾಗೆ ಏಳುತ್ತದೆ. ಅದು ಬಿಸಿಲಿಗೆ ಗಟ್ಟಿಯಾಗಬೇಕು. ಆಮೇಲೆ ನೀರು ಮೆಲ್ಲಗೆ ಏರಿ ಬೇರೆ ಬಗೆಯ ಮಣ್ಣು ತುಂಬಬೇಕು. ರಭಸದಿಂದ ಬಂದರೆ ಎಲ್ಲಾ ತೊಳೆದು ಹೋಗುತ್ತದೆ.

ಪ್ರಾಣಿ ಭಾರ ಇದ್ದರೆ ಕೆಳಗಿನ ಪದರಗಳೂ ಬಗ್ಗುತ್ತವೆ. ಮೇಲಿನ ಹೆಜ್ಜೆ ಸವೆದರೂ ಕೆಳಗಿನ ತಗ್ಗು ಉಳಿಯುತ್ತದೆ, ಬೆರಳು ಮಾತ್ರ ಮಸುಕು. ಅದಕ್ಕೇ ಒಂದೇ ತಗ್ಗನ್ನು ನಾನು ನಂಬೋದಿಲ್ಲ. ಎಡ, ಬಲ, ಮತ್ತೆ ಎಡ ಸಿಗಬೇಕು. ಸಿಕ್ಕರೆ ಲೆಕ್ಕವೂ ಹಾಕಬಹುದು: ಪಾದದ ಉದ್ದದ ನಾಲ್ಕು ಪಟ್ಟು ಸೊಂಟದ ಎತ್ತರ. 30 ಸೆಂಟಿಮೀಟರ್ ಪಾದ ಅಂದರೆ ನಮ್ಮ ಎದೆಮಟ್ಟದ ಸೊಂಟ. ಹೆಜ್ಜೆಗಳ ಅಂತರದಿಂದ ವೇಗ ಅಂದಾಜು ಮಾಡುವ ಸೂತ್ರವನ್ನು ಬ್ರಿಟನ್ನಿನ ಪ್ರಾಣಿವಿಜ್ಞಾನಿ ಅಲೆಕ್ಸಾಂಡರ್ 1976ರಲ್ಲಿ ಕೊಟ್ಟರು.

ಅಮೆರಿಕದ ಕನೆಕ್ಟಿಕಟ್‌ನ ರಾಕಿ ಹಿಲ್‌ನಲ್ಲಿ 1966ರಲ್ಲಿ ಕಟ್ಟಡದ ಪಾಯ ತೆಗೆಯುವಾಗ ಇಂಥ ಕೆರೆ ದಂಡೆಯೇ ಸಿಕ್ಕಿತು. ಸುಮಾರು 2000 ಹೆಜ್ಜೆಗಳು, 20 ಕೋಟಿ ವರ್ಷದಷ್ಟು ಹಳೆಯವು. ಹೆಚ್ಚಿನವನ್ನು ಮತ್ತೆ ಮಣ್ಣಲ್ಲೇ ಮುಚ್ಚಿಟ್ಟರು. ಕಿತ್ತು ಶೋಕೇಸಿಗೆ ಇಡುವುದಕ್ಕಿಂತ ಅದೇ ಜಾಣತನ, ಅಲ್ವಾ?

ಹಾಗಾದರೆ ನಮ್ಮಲ್ಲಿ ಹುಡುಕೋದು ಎಲ್ಲಿ? ಪರ್ಸಿಯಲ್ಲಿ ಅಲ್ಲ, ಕರಿಕಲ್ಲಿನ ನಡುವೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಇಲ್ಲಿ ಲಾವಾ ಒಂದರ ಮೇಲೊಂದು ಹರಿಯಿತು, ಆರಿ ಈ ಕರಿಕಲ್ಲಾಯಿತು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವಿತ್ತು, ತಗ್ಗಿನಲ್ಲಿ ಕೆರೆಗಳಾದವು. ಗುರುಮಠಕಲ್, ಯಾನಾಗುಂದಿ ಕಡೆ ಆ ಕೆರೆಗಳ ಮಣ್ಣು ಇನ್ನೂ ಇದೆ. ಅದರಲ್ಲಿ ಆಸ್ಟ್ರಕಾಡ್ ಎಂಬ ಸಾಸಿವೆಗಿಂತ ಚಿಕ್ಕ ಚಿಪ್ಪಿನ ಜೀವಿಗಳು ಸಿಕ್ಕಿವೆ. ಪಕ್ಕದ ವಿಕಾರಾಬಾದ್ ಕಡೆಯ ನಸ್ಕಲ್‌ನ ಅಂಥದ್ದೇ ಪದರದಲ್ಲಿ ಡೈನೋಸಾರ್ ಕಾಲದ ಪುಟ್ಟ ಸಸ್ತನಿಯ ಹಲ್ಲು ಸಿಕ್ಕ ಸುದ್ದಿ 1988ರಲ್ಲಿ ಪ್ರಕಟವಾಯಿತು.

ನಾನು ಆ ಪದರಗಳಲ್ಲಿ ಹೆಜ್ಜೆ ಕಂಡಿಲ್ಲ. ಕಾರಣ ಸರಳ. ಹೆಜ್ಜೆ ಕಾಣಲು ಅಂಗಳದಷ್ಟು ಅಗಲ ಬಿಚ್ಚಿದ ಮೈ ಬೇಕು, ಇಲ್ಲಿ ತೆಳು ಪದರದ ಅಂಚು ಮಾತ್ರ ಕಾಣುತ್ತದೆ. ಹಾಗಾಗಿ ಬಾವಿ ತೋಡುವವರಿಗೆ ಒಂದು ಮಾತು ಹೇಳಿಟ್ಟಿದ್ದೇನೆ. ಎರಡು ಕರಿಕಲ್ಲಿನ ನಡುವೆ ಮಾಸಲು ಬಣ್ಣದ ಪದರ ಬಂದು, ಅದರ ಗೆರೆಗಳು ಒಂದೇ ಕಡೆ ಬಟ್ಟಲಿನ ಹಾಗೆ ಕೆಳಗೆ ಬಗ್ಗಿದ್ದರೆ ಹಾರೆ ಹಾಕಬೇಡಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಬ್ಯಾಟರಿ ಬೆಳಕು ಓರೆಯಾಗಿ ಬಿಟ್ಟು ಫೋಟೊ ತೆಗೆದು ಕಳಿಸಿ.