ಬಿಪಿ ಮಾತ್ರೆಗಳ ಜೋಡಿ: ಯಾವುದಕ್ಕೆ ಯಾವುದು ಹೊಂದುತ್ತದೆ?

ಮೊದಲು ಔಷಧದ ಹೆಸರಿನ ಬಾಲ ನೋಡಿ. ಬ್ರ್ಯಾಂಡ್ ಹೆಸರಲ್ಲ, ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿರುವ ಹೆಸರು. ಕೊನೆಯಲ್ಲಿ ‘ಪ್ರಿಲ್’ ಇದ್ದರೆ (ಎನಲಾಪ್ರಿಲ್, ರಾಮಿಪ್ರಿಲ್) ಎಸಿಇ ಇನ್ಹಿಬಿಟರ್, ಅಂದರೆ ರಕ್ತನಾಳ ಬಿಗಿಸುವ ಆಂಜಿಯೊಟೆನ್ಸಿನ್ ಹಾರ್ಮೋನ್ ತಯಾರಾಗದಂತೆ ತಡೆಯುವ ಗುಂಪು. ‘ಸಾರ್ಟಾನ್’ ಇದ್ದರೆ (ಟೆಲ್ಮಿಸಾರ್ಟಾನ್, ಲೋಸಾರ್ಟಾನ್) ಎಆರ್‌ಬಿ, ಅಂದರೆ ಅದೇ ಹಾರ್ಮೋನ್ ಕೆಲಸ ಮಾಡದಂತೆ ತಡೆಯುವ ಗುಂಪು. ‘ಡಿಪಿನ್’ ಅಂದರೆ ಆಮ್ಲೊಡಿಪಿನ್ ಗುಂಪು, ‘ಓಲಾಲ್’ ಅಂದರೆ ಹೃದಯಬಡಿತ ನಿಧಾನಿಸುವ ಬೀಟಾ ಬ್ಲಾಕರ್. ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್, ಹೈಡ್ರೋಕ್ಲೋರೋಥಯಜೈಡ್‌ಗಳನ್ನು ಹಾಗೇ ನೆನಪಿಟ್ಟುಕೊಳ್ಳಬೇಕು.

ಎರಡು ಮಾತ್ರೆ ಬರೆದುಕೊಟ್ಟರೆ ಕಾಯಿಲೆ ಜಾಸ್ತಿಯಾಯಿತೇನೋ ಎಂದು ರೋಗಿಗಳು ಹೆದರುತ್ತಾರೆ. ನಿಜ ಬೇರೆಯೇ. ಒಂದೇ ಮಾತ್ರೆಯ ಡೋಸ್ ದುಪ್ಪಟ್ಟು ಮಾಡಿದರೆ ಬಿಪಿ ಇಳಿಯುವುದು ಸ್ವಲ್ಪ, ತೊಂದರೆ ಮಾತ್ರ ಹೆಚ್ಚು. ಬೇರೆ ಗುಂಪಿನದನ್ನು ಸೇರಿಸಿದರೆ ಬಿಪಿ ಚೆನ್ನಾಗಿ ಇಳಿಯುತ್ತದೆ. ಆಮ್ಲೊಡಿಪಿನ್ ಜೊತೆ ಟೆಲ್ಮಿಸಾರ್ಟಾನ್ ಕೊಡುವುದನ್ನೇ ನೋಡಿ. ಆಮ್ಲೊಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಒಳಗೆ ಬಂದ ರಕ್ತ ಸಲೀಸಾಗಿ ಹೊರಹೋಗದೆ ನೀರು ಜಿನುಗಿ ಪಾದ ಊದುತ್ತದೆ. ಸಾರ್ಟಾನ್ ಅಭಿಧಮನಿಯ ಕಡೆಯೂ ಹಿಗ್ಗಿಸುವುದರಿಂದ ಊತ ಕಡಿಮೆಯಾಗುತ್ತದೆ. ಎಷ್ಟು ಚೆಂದದ ಜೋಡಿ ಅಲ್ವಾ?

ಪ್ರಿಲ್ ಮತ್ತು ಸಾರ್ಟಾನ್ ಮಾತ್ರ ಒಟ್ಟಿಗೆ ಬೇಡ. ಎರಡೂ ತಡೆಯುವುದು ಒಂದೇ ಹಾದಿಯನ್ನು. 2008ರಲ್ಲಿ ಪ್ರಕಟವಾದ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಎರಡನ್ನೂ ಸೇರಿಸಿ ಕೊಟ್ಟವರಿಗೆ ಹೆಚ್ಚಿನ ಲಾಭ ಸಿಗಲಿಲ್ಲ. ಬಿಪಿ ತೀರಾ ಕುಸಿಯುವುದು, ಕಿಡ್ನಿ ತೊಂದರೆ ಹೆಚ್ಚಾದವು. ಇಬ್ಬರು ಡಾಕ್ಟರ ಚೀಟಿ ಇರುವವರಲ್ಲಿ ಇದನ್ನು ಹುಡುಕಿ ನೋಡಲೇಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮಂಡಿನೋವಿನ ಮಾತ್ರೆಯ ವಿಷಯದಲ್ಲಿ. ಚೀಟಿಯಲ್ಲಿ ಅದು ಇರುವುದೇ ಇಲ್ಲ, ಅಂಗಡಿಯಿಂದ ಸುಮ್ನೆ ತಂದಿರುತ್ತಾರೆ. ಕಿಡ್ನಿಯ ಸೋಸುಗಕ್ಕೆ ಒಳಬರುವ ನಾಳವೊಂದು, ಹೊರಹೋಗುವ ನಾಳವೊಂದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಒಳಬರುವುದನ್ನು ಕಿರಿದು ಮಾಡುತ್ತವೆ. ಪ್ರಿಲ್, ಸಾರ್ಟಾನ್ ಹೊರಹೋಗುವುದನ್ನು ಹಿಗ್ಗಿಸುತ್ತವೆ. ಮೂತ್ರದ ಮಾತ್ರೆಯಿಂದ ಮೈಯ ನೀರಿನಂಶವೂ ಇಳಿದಿರುತ್ತದೆ. ಮೂರೂ ಸೇರಿದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಇಂಥವರಿಗೆ ವಾಂತಿ ಭೇದಿ ಶುರುವಾದರೆ ಅಪಾಯ ಇನ್ನೂ ಜಾಸ್ತಿ, ಕೂಡಲೇ ಡಾಕ್ಟರಿಗೆ ತಿಳಿಸಬೇಕು.

ರಕ್ತದಲ್ಲಿನ ಪೊಟ್ಯಾಸಿಯಂ ಕಡೆಯೂ ಗಮನವಿರಲಿ. ಥಯಜೈಡ್ (ಹೈಡ್ರೋಕ್ಲೋರೋಥಯಜೈಡ್‌ನಂಥ ಮೂತ್ರದ ಮಾತ್ರೆ) ಅದನ್ನು ಇಳಿಸುತ್ತದೆ, ಸಾರ್ಟಾನ್ ಏರಿಸುತ್ತದೆ, ಹಾಗಾಗಿ ಈ ಜೋಡಿ ಹೊಂದುತ್ತದೆ. ಸಾರ್ಟಾನ್ ಜೊತೆ ಇನ್ನೊಂದು ಬಗೆಯ ಮೂತ್ರದ ಮಾತ್ರೆಯಾದ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರೆ ಎರಡೂ ಏರಿಸುತ್ತವೆ. ಆಗ ರಕ್ತಪರೀಕ್ಷೆ ತಪ್ಪಿಸಬಾರದು. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಎಳನೀರಿನಲ್ಲೂ ಇದೆ.

ಬೀಟಾ ಬ್ಲಾಕರ್ ಜೊತೆ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಕಂಡರೆ ಡಾಕ್ಟರನ್ನು ಕೇಳಿ. ಇವೆರಡೂ ಹೃದಯಬಡಿತ ನಿಧಾನಿಸುವ ಬಿಪಿ ಮಾತ್ರೆಗಳೇ, ಬೀಟಾ ಬ್ಲಾಕರ್ ಜೊತೆ ಸೇರಿದರೆ ನಾಡಿಬಡಿತ ತೀರಾ ನಿಧಾನವಾಗಬಹುದು. ಹಾಗಂತ ರೋಗಿಗೆ ‘ಇವತ್ತೇ ಬಿಡಿ’ ಅನ್ನಬಾರದು. ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಬರಬಹುದು. ಕ್ಲೋನಿಡಿನ್ ಎಂಬ ಇನ್ನೊಂದು ಬಿಪಿ ಮಾತ್ರೆಯನ್ನು ಹಾಗೆ ನಿಲ್ಲಿಸಿದರೆ ಬಿಪಿ ಒಮ್ಮೆಲೇ ಏರಬಹುದು. ಎರಡನ್ನೂ ಡಾಕ್ಟರ ನಿಗಾದಲ್ಲಿ ಹಂತಹಂತವಾಗಿಯೇ ಇಳಿಸುತ್ತಾರೆ.