ಬಿಸಿಲು ಪಾವಗಡದಲ್ಲಿ, ಬಲ್ಬು ಬೆಂಗಳೂರಲ್ಲಿ

ತುಮಕೂರು ಜಿಲ್ಲೆಯ ಪಾವಗಡದ ಹತ್ತಿರ, ತಿರುಮಣಿ ಸುತ್ತಮುತ್ತಲಿನ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಮಳೆ ಕೈಕೊಡುತ್ತಲೇ ಬಂದ ಸೀಮೆ. ರೈತರು ಜಮೀನನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಸಾಲು ಸಾಲು ಪ್ಯಾನೆಲ್‌ಗಳ ಫೋಟೋ ಎಲ್ಲರೂ ನೋಡಿರುತ್ತೇವೆ. ಅಲ್ಲಿಂದ ಹೊರಡುವ ಟವರ್ ಲೈನನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಆ ಲೈನ್ ಇಲ್ಲದಿದ್ದರೆ ಅಷ್ಟೂ ಪ್ಯಾನೆಲ್ ಇದ್ದೂ ಇಲ್ಲದ ಹಾಗೆ.

ಹೊಗೆ ಕಾರದ ವಿದ್ಯುತ್ ಬೇಕು ಅಂದಾಗ ನಾವು ಪ್ಯಾನೆಲ್, ಗಾಳಿಗಿರಣಿಗಳ ಲೆಕ್ಕ ಮಾತ್ರ ಹೇಳುತ್ತೇವೆ. ಕಷ್ಟದ ಕೆಲಸ ಇರುವುದು ತಂತಿಯಲ್ಲಿ. ಕಲ್ಲಿದ್ದಲನ್ನು ರೈಲಿಗೆ ತುಂಬಿ ಬೇಕಾದ ಊರಿಗೆ ಕಳಿಸಬಹುದು. ಬಿಸಿಲನ್ನು ಹಾಗೆ ಸಾಗಿಸೋಕೆ ಆಗಲ್ಲ. ಅದು ಬಿದ್ದ ಕಡೆಯೇ ಹಿಡಿಯಬೇಕು, ಅಲ್ಲಿಂದ ತಂತಿಯಲ್ಲೇ ತರಬೇಕು.

ದೂರಕ್ಕೆ ಕರೆಂಟ್ ಸಾಗಿಸುವುದು ನಮಗೇನೂ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದಿದ್ದರು. ಅವತ್ತಿನ ಸೂತ್ರವೇ ಇವತ್ತಿಗೂ ನಡೆಯುತ್ತಿದೆ. ವೋಲ್ಟೇಜನ್ನು ಎರಡು ಪಟ್ಟು ಮಾಡಿದರೆ, ಅಷ್ಟೇ ವಿದ್ಯುತ್ ಕಳಿಸಲು ತಂತಿಯಲ್ಲಿ ಹರಿಯುವ ಪ್ರವಾಹ (ಆಂಪಿಯರ್ ಲೆಕ್ಕದ್ದು) ಅರ್ಧದಷ್ಟಿದ್ದರೆ ಸಾಕು. ಆಗ ತಂತಿಯಲ್ಲಿ ಶಾಖವಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ದೊಡ್ಡ ಲೈನ್‌ಗಳು 400 ಕಿಲೋವೋಲ್ಟ್, 765 ಕಿಲೋವೋಲ್ಟ್‌ನವು.

ಲೈನ್ ಎಳೆದ ಮೇಲೆ ಅದನ್ನು ನಡೆಸಬೇಕು. ಎಷ್ಟು ಬಳಕೆಯಾಗುತ್ತಿದೆಯೋ ಅಷ್ಟೇ ಉತ್ಪಾದನೆ, ಅದೇ ಕ್ಷಣದಲ್ಲಿ ಆಗುತ್ತಿರಬೇಕು. ಸರಿಯಾಗಿದೆಯಾ ಇಲ್ಲವಾ ಅಂತ ಹೇಳುವುದು ಫ್ರೀಕ್ವೆನ್ಸಿ, ಅಂದರೆ ತಂತಿಯಲ್ಲಿನ ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಲೆಕ್ಕ. ಅದು 50 ಹರ್ಟ್ಸ್ ಇರಬೇಕು. ನಮ್ಮ ದೇಶದ ನಿಯಮದಂತೆ 49.90ರಿಂದ 50.05ರ ಒಳಗೆ ಉಳಿಸಿಕೊಳ್ಳಬೇಕು. ದಕ್ಷಿಣ ಭಾರತದ ಈ ಕಾವಲು ಕೆಲಸ ನಡೆಯುವುದು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ, ಹಗಲೂ ರಾತ್ರಿ.

ಉಷ್ಣ ಸ್ಥಾವರ, ಜಲವಿದ್ಯುತ್ ಸ್ಥಾವರಗಳಲ್ಲಿ ಟನ್‌ಗಟ್ಟಲೆ ತೂಕದ ಚಕ್ರಗಳು ತಿರುಗುತ್ತಿರುತ್ತವೆ. ಬೀಸುವ ಕಲ್ಲಿನ ಗೂಟ ಬಿಟ್ಟ ಮೇಲೂ ಕಲ್ಲು ಒಂದೆರಡು ಸುತ್ತು ತಿರುಗುತ್ತದಲ್ವಾ, ಹಾಗೆ, ಎಲ್ಲೋ ಒಂದು ಘಟಕ ನಿಂತರೂ ಉಳಿದ ಚಕ್ರಗಳ ವೇಗ ಸ್ಥಾವರ, ಲೈನ್ ಎಲ್ಲ ಸೇರಿದ ಜಾಲಕ್ಕೆ, ಅಂದರೆ ಗ್ರಿಡ್‌ಗೆ ಕೆಲವು ಸೆಕೆಂಡು ಉಸಿರಾಡಲು ಬಿಡುತ್ತದೆ. ಸೋಲಾರ್ ಪ್ಯಾನೆಲ್‌ನಲ್ಲಿ ತಿರುಗುವುದು ಏನೂ ಇಲ್ಲ. ಅದಕ್ಕೇ ಬ್ಯಾಟರಿ, ಪ್ಯಾನೆಲ್ಲಿನ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದಿಸುವ ಹೊಸ ಬಗೆಯ ಇನ್ವರ್ಟರ್‌ಗಳಿಗೆ ಆ ಕೆಲಸ ಕಲಿಸುತ್ತಿದ್ದಾರೆ.

ತಪ್ಪಿದರೆ ಏನಾಗುತ್ತದೆ ಅಂತ 2012ರ ಜುಲೈ 30, 31ರಂದು ದೇಶ ನೋಡಿತು. ಗ್ವಾಲಿಯರ್ ಕಡೆಯ ಒಂದು 400 ಕಿಲೋವೋಲ್ಟ್ ಲೈನ್ ಮೇಲೆ ಹೊರೆ ಜಾಸ್ತಿಯಾಗಿ ಟ್ರಿಪ್ ಆಯ್ತು. ಅದರ ಹೊರೆ ಪಕ್ಕದ ಲೈನಿಗೆ, ಅದರದ್ದು ಮತ್ತೊಂದಕ್ಕೆ. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದ ಸುಮಾರು 60 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ. ನಾವು ಬಚಾವಾದೆವು. ದಕ್ಷಿಣದ ಗ್ರಿಡ್‌ಗೆ ಆಗ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿ.ಸಿ. (ಹಿಂದೆಮುಂದೆ ಆಗದ, ನೇರ ವಿದ್ಯುತ್ತಿನ) ಸಂಪರ್ಕಗಳಷ್ಟೇ ಇದ್ದವು. ಡಿ.ಸಿ. ಮೂಲಕ ವಿದ್ಯುತ್ ಬರುತ್ತದೆ, ಆ ಕಡೆಯ ಫ್ರೀಕ್ವೆನ್ಸಿಯ ಏರುಪೇರು ಬರುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆಗಿ ಇಡೀ ದೇಶ ಒಂದೇ ಗ್ರಿಡ್ ಆಯಿತು. ಅಪಾಯವನ್ನೂ ಹಂಚಿಕೊಂಡೆವು ಅನ್ನುವುದು ನಿಜ. ಆದರೂ ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅನಿಸಿಕೆ. ಒಂದು ಕಡೆ ಮೋಡ ಕವಿದಾಗ ಇನ್ನೊಂದು ಕಡೆ ಬಿಸಿಲಿರುತ್ತದೆ. ಗ್ರಿಡ್ ದೊಡ್ಡದಾದಷ್ಟೂ ಈ ಏರಿಳಿತ ತಗ್ಗುತ್ತದೆ. ಛತ್ತೀಸ್‌ಗಢದ ರಾಯಗಢದಿಂದ ತಮಿಳುನಾಡಿನ ಪುಗಳೂರಿಗೆ ಬಂದಿರುವ 6,000 ಮೆಗಾವ್ಯಾಟಿನ ಡಿ.ಸಿ. ಲೈನ್ ಎರಡೂ ದಿಕ್ಕಿಗೆ ಕೆಲಸ ಮಾಡಬಲ್ಲದು. ಗಾಳಿ ಜೋರಾದ ದಿನ ದಕ್ಷಿಣದ ವಿದ್ಯುತ್ ಅದರಲ್ಲೇ ಉತ್ತರಕ್ಕೆ ಹೋಗಬಹುದು.

ಬಳಕೆಯನ್ನೇ ಬಿಸಿಲಿನ ಹೊತ್ತಿಗೆ ಸರಿಸುವುದು ಇನ್ನೊಂದು ದಾರಿ. ನಮ್ಮ ರಾಜ್ಯದಲ್ಲಿ ಪಂಪ್‌ಸೆಟ್‌ಗಳಿಗೆ ರಾತ್ರಿ ಕೊಡುತ್ತಿದ್ದ ತ್ರೀ ಫೇಸ್ ಕರೆಂಟನ್ನು ಹಲವು ಕಡೆ ಹಗಲಿಗೆ ತಂದಿದ್ದಾರೆ. ಹಾವಿನ ಭಯದಲ್ಲಿ ನಡುರಾತ್ರಿ ಮೋಟರ್ ಹಾಕಲು ಹೋಗುತ್ತಿದ್ದ ರೈತರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇನ್ನು ತಂತಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ವಿದ್ಯುತ್ ಹರಿದಂತೆ ತಂತಿ ಕಾಯುತ್ತದೆ. ಕಾದಷ್ಟೂ ಹಿಗ್ಗಿ, ಎರಡು ಟವರ್‌ಗಳ ನಡುವೆ ಜೋತು ಬೀಳುತ್ತದೆ. ಜಾಸ್ತಿ ಜೋತು ಬಿದ್ದರೆ ಕೆಳಗಿನ ಮರಕ್ಕೆ ಕಿಡಿ ಹಾರಬಹುದು. ಅದಕ್ಕೇ ಸಾಮಾನ್ಯ ತಂತಿಯನ್ನು 75–85 ಡಿಗ್ರಿಗಿಂತ ಹೆಚ್ಚು ಕಾಯಲು ಬಿಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಪಾವಗಡ ಅತಿ ಹೆಚ್ಚು ವಿದ್ಯುತ್ ಕೊಡುವ ಹೊತ್ತಿನಲ್ಲೇ ತಂತಿಗೂ ಬಿಸಿಲು ಹೊಡೆಯುತ್ತಿರುತ್ತದೆ, ಅದು ಹೊರಬಲ್ಲ ಹೊರೆ ಕಡಿಮೆಯಾಗಿರುತ್ತದೆ. ಗಾಳಿಯದ್ದು ಉಲ್ಟಾ. ಗದಗ, ಚಿತ್ರದುರ್ಗದಲ್ಲಿ ಮುಂಗಾರಿನ ಗಾಳಿ ಬೀಸಿದರೆ ಗಿರಣಿಯೂ ತಿರುಗುತ್ತದೆ, ಹತ್ತಿರದ ತಂತಿಯೂ ತಣ್ಣಗಾಗುತ್ತದೆ. ತಂತಿಯ ಬಿಸಿಯನ್ನು ಆಗಿಂದಾಗ ಅಳೆದು ಹೊರೆ ಹೆಚ್ಚಿಸುವ ಉಪಕರಣಗಳಿವೆ. ಕಾರ್ಬನ್ ತಿರುಳಿನ ಹೊಸ ತಂತಿಗಳು ಕಾದರೂ ಅಷ್ಟಾಗಿ ಜೋತು ಬೀಳುವುದಿಲ್ಲ. ಹಳೆಯ ಟವರ್‌ಗಳಿಗೇ ಅವನ್ನು ಹಾಕಿದರೆ ಹೆಚ್ಚುಕಮ್ಮಿ ಎರಡರಷ್ಟು ವಿದ್ಯುತ್ ಕಳಿಸಬಹುದು. ಇದನ್ನು ಇನ್ನಷ್ಟು ಕಡೆ ಮೊದಲು ಮಾಡಬೇಕು.

ಆದರೆ ಹೊಸ ಲೈನ್ ಇಲ್ಲದೆ ಆಗುವುದಿಲ್ಲ. 2030ರೊಳಗೆ ಹೊಗೆ ಕಾರದ ವಿದ್ಯುತ್ ಹೆಚ್ಚಿಸುವ ದೇಶದ ಗುರಿಗೆ ಸುಮಾರು 51,000 ಸರ್ಕ್ಯೂಟ್ ಕಿ.ಮೀ. (ಒಂದೇ ಟವರಿನಲ್ಲಿ ಎರಡು ಲೈನ್ ಇದ್ದರೆ ಎರಡೂ ಲೆಕ್ಕಕ್ಕೆ) ಲೈನ್, 2.44 ಲಕ್ಷ ಕೋಟಿ ರೂಪಾಯಿ ಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ 2022ರಲ್ಲಿ ಅಂದಾಜು ಮಾಡಿತ್ತು. ಒಂದು 400 ಕಿಲೋವೋಲ್ಟ್ ಲೈನಿಗೆ ಸುಮಾರು 46 ಮೀಟರ್ ಅಗಲದ ಪಟ್ಟಿ ಬೇಕು. ಬಯಲುಸೀಮೆಯಲ್ಲಿ ಅದರ ಕೆಳಗೆ ರಾಗಿ, ಶೇಂಗಾ ಬೆಳೆಯಬಹುದು. ಕರಾವಳಿಯ ಅಡಿಕೆ ತೋಟದಲ್ಲಿ ಮರಗಳನ್ನೇ ಕಡಿಯಬೇಕಾಗುತ್ತದೆ. ಉಡುಪಿ–ಕಾಸರಗೋಡು ಲೈನಿಗೆ ಅಲ್ಲಿನ ಬೆಳೆಗಾರರು ಎದ್ದು ನಿಂತಿದ್ದು ಸುಮ್ನೆ ಅಲ್ಲ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಜಮೀನಿನ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15 ಪರಿಹಾರ ಇತ್ತು. 2024ರಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಅಡಿಕೆ ಬೆಳೆಗಾರನಿಗೆ ಇದೂ ಸಾಲದು. ಪಾವಗಡದ ರೈತರಿಗೆ ವರ್ಷವರ್ಷವೂ ಗುತ್ತಿಗೆ ಹಣ ಬರುತ್ತದೆ. ಲೈನ್ ಹಾದುಹೋಗುವ ಜಮೀನಿನವರಿಗೂ ಅದೇ ರೀತಿ ವರ್ಷವರ್ಷವೂ ಯಾಕೆ ಕೊಡಬಾರದು?