ಹಿಮಮೋಡ ಮೈಕ್ರೋವೇವ್‌ಗೆ ಸಿಕ್ಕಿಬೀಳುವುದು ಹೇಗೆ?

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಉಪಗ್ರಹದಲ್ಲಿ ಕೂತು ಕೆಳಗಿನಿಂದ ಬರುವ ವಿಕಿರಣವನ್ನು ಅಳೆಯುವ ಮೈಕ್ರೋವೇವ್ ರೇಡಿಯೋಮೀಟರ್‌ಗೆ ಹಿಮಮೋಡ ಹೊಳೆದು ಕಾಣುವುದಿಲ್ಲ, ನೆರಳಿನಂತೆ ಕಾಣುತ್ತದೆ. ನೀರಿನ ಹನಿ ಮೈಕ್ರೋವೇವನ್ನು ಚೆನ್ನಾಗಿ ಹೀರುತ್ತದೆ, ತಾನೂ ಸೂಸುತ್ತದೆ. ಹಿಮಕಣ ಹೀರುವುದು ತೀರಾ ಕಡಿಮೆ, ಚದುರಿಸುವುದೇ ಜಾಸ್ತಿ. ಕೆಳಗಿನ ಬೆಚ್ಚನೆಯ ನೀರಾವಿಯಿಂದ ಮೇಲೆ ಬರುತ್ತಿದ್ದ ವಿಕಿರಣ ದಾರಿಯಲ್ಲೇ ಚದುರಿಹೋಗುತ್ತದೆ, ಅಳೆದ ಪ್ರಕಾಶ ತಾಪಮಾನ (ವಿಕಿರಣದ ತೀವ್ರತೆಯನ್ನು ತಾಪಮಾನದ ಲೆಕ್ಕದಲ್ಲಿ ಹೇಳುವ ಅಳತೆ) ಕುಸಿಯುತ್ತದೆ. ದೊಡ್ಡ ಗುಡುಗುಮೋಡದ ಮೇಲೆ ಅದು 200 ಕೆಲ್ವಿನ್‌ಗಿಂತ ಕೆಳಗಿಳಿಯುವುದೂ ಉಂಟು. ಅದು ಮೋಡದ ತುದಿಯ ತಾಪಮಾನ ಅಲ್ಲ, ಅಲ್ಲಿ ಎಡವಬೇಡಿ.

ಎಷ್ಟು ಚದುರುತ್ತದೆ? ಕಣದ ಗಾತ್ರ, ತರಂಗದೂರ ಎರಡನ್ನೂ ಹೋಲಿಸಿ ನೋಡಬೇಕು. 89 ಗಿಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 3.4 ಮಿಲಿಮೀಟರ್, 183ರಲ್ಲಿ 1.6, 664ರಲ್ಲಿ 0.45. ಸಣ್ಣ ಕಣಗಳಿಗೆ ಚದುರಿಕೆ ಆವೃತ್ತಿಯ ನಾಲ್ಕನೇ ಘಾತದಂತೆ ಏರುತ್ತದೆ. ಅಂದರೆ 89ರಿಂದ 183ಕ್ಕೆ ಹೋದರೆ ಸುಮಾರು 18 ಪಟ್ಟು! ಎತ್ತರದಲ್ಲಿ ಸಣ್ಣ ಹಿಮಕಣಗಳಿಂದಾದ ತೆಳು ಸಿರಸ್ ಮೋಡ 89ರಲ್ಲಿ ಕಾಣದಿರುವುದು ಇದಕ್ಕೇ. ಯುರೋಪಿನ ಮೆಟಾಪ್ ಎರಡನೇ ತಲೆಮಾರಿನ ಹವಾಮಾನ ಉಪಗ್ರಹಗಳಿಗೆಂದು ಮಾಡಿದ ಐಸ್ ಕ್ಲೌಡ್ ಇಮೇಜರ್ 183ರಿಂದ 664ರವರೆಗೆ ನೋಡುವುದೂ ಇದಕ್ಕೇ.

ನನಗೆ ಅತಿ ಇಷ್ಟವಾದ ಭಾಗ 183.31 ಗಿಗಾಹರ್ಟ್ಸ್‌ನ ನೀರಾವಿ ರೇಖೆ, ಅಂದರೆ ನೀರಾವಿ ವಿಕಿರಣವನ್ನು ಬಲವಾಗಿ ಹೀರುವ ಆವೃತ್ತಿ. ಮೋಡವಿಲ್ಲದಾಗ ರೇಖೆಯ ಹತ್ತಿರದ, ಅದರಿಂದ 1 ಗಿಗಾಹರ್ಟ್ಸ್ ಆಚೀಚೆ ಅಳೆಯುವ ±1 ಚಾನೆಲ್ ಮೇಲಿನ ತಂಪು ಪದರವನ್ನಷ್ಟೇ ನೋಡುತ್ತದೆ. ದೂರದ ±7 ಚಾನೆಲ್ ಕೆಳಗಿನ ಬೆಚ್ಚನೆಯ ಪದರದವರೆಗೂ ಇಣುಕುತ್ತದೆ. ಹಾಗಾಗಿ ±7ರ ಅಳತೆ ಹೆಚ್ಚು. ಗುಡುಗುಮೋಡ ಬಂದರೆ ಲೆಕ್ಕ ತಲೆಕೆಳಗು. ±7ಕ್ಕೆ ಬರಬೇಕಾದ ವಿಕಿರಣವೆಲ್ಲ ಹಿಮವನ್ನು ದಾಟಿಯೇ ಬರಬೇಕು, ಏಟು ಅದಕ್ಕೇ ಜಾಸ್ತಿ. ±1ಕ್ಕೆ ಮೋಡದ ಮೇಲಿನ ನೀರಾವಿ ಒಂದಿಷ್ಟು ರಕ್ಷಣೆ ಕೊಡುತ್ತದೆ. ±7 ಅಳತೆ ±1ಕ್ಕಿಂತ ಕೆಳಗಿಳಿದರೆ ಅಲ್ಲಿ ಎತ್ತರಕ್ಕೆ ಬೆಳೆದ ಮೋಡವಿದೆ ಎಂದು ಗುರುತಿಸಬಹುದು. ಬರೀ ಎರಡು ಸಂಖ್ಯೆಗಳ ವ್ಯತ್ಯಾಸದಿಂದ ಇಷ್ಟು ಸಿಗುತ್ತದೆ, ಚೆನ್ನಾಗಿದೆ ಅಲ್ವಾ?

ತೊಡಕು ಶುರುವಾಗುವುದು ಮೋಡದಲ್ಲಿ ಹಿಮ ಎಷ್ಟಿದೆ ಎಂದು ಕೇಳಿದಾಗ. ಕೆಲವೇ ದಪ್ಪ ಕಣಗಳೂ, ರಾಶಿ ಸಣ್ಣ ಕಣಗಳೂ ಒಂದು ಚಾನೆಲ್‌ನಲ್ಲಿ ಒಂದೇ ಕುಸಿತ ಕೊಡಬಹುದು. ಬೇರೆಬೇರೆ ಆವೃತ್ತಿಗಳನ್ನು ಜೋಡಿಸಿದರೆ ಗಾತ್ರದ ಗೊಂದಲ ಒಂದಷ್ಟು ಬಿಡಿಸಿಕೊಳ್ಳುತ್ತದೆ. ಆಕಾರದ ಗೊಂದಲಕ್ಕೆ ಧ್ರುವೀಕರಣದ, ಅಂದರೆ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದರ, ನೆರವು ಬೇಕು. ಚಪ್ಪಟೆ ಕಣಗಳು ಅಡ್ಡಡ್ಡ ಮಲಗಿ ತೇಲುವುದರಿಂದ ಸಮತಲ ಧ್ರುವೀಕರಣದ ವಿಕಿರಣವನ್ನು ಹೆಚ್ಚು ಚದುರಿಸುತ್ತವೆ. 2014ರಲ್ಲಿ ಹಾರಿದ, ಮಳೆ-ಹಿಮ ಅಳೆಯುವ ಜಿಪಿಎಂ ಉಪಗ್ರಹದ 166 ಗಿಗಾಹರ್ಟ್ಸ್ ಅಳತೆಗಳಲ್ಲಿ ಲಂಬ, ಸಮತಲ ಎರಡರ ನಡುವೆ ಸುಮಾರು 10 ಕೆಲ್ವಿನ್ ಅಂತರ ಕಾಣಸಿಗುತ್ತದೆ.